ಪದ್ಮಿನೀವಲ್ಲಭರು

ಇವರನ್ನು ಮುಖ ನೋಡಿ ಗುರುತಿಸುವವರು ಕಡಿಮೆ. ಭಾನುವಾರ ಬೆಳಿಗ್ಗೆ ಜಯನಗರದಲ್ಲೋ ಮೈಸೂರಿನ ಸರಸ್ವತಿಪುರಂನಲ್ಲೋ ಹಾಲು ತರಲು ಹೊರಟವರಿಗೆ ಕಾಣುವುದು ಕಾರಿನಡಿಯಿಂದ ಹೊರಗೆ ಚಾಚಿಕೊಂಡಿರುವ ಎರಡು ಕಾಲು, ಗ್ರೀಸ್ ಹಿಡಿದ ಪೈಜಾಮ, ಒಂದೇ ಒಂದು ಹವಾಯಿ ಚಪ್ಪಲಿ. “ಏನ್ ಸಾರ್, ಬಂತಾ?” ಎಂದು ಆ ಕಾಲುಗಳನ್ನು ವಿಚಾರಿಸಿದರೆ ಒಳಗಿನಿಂದ ಉತ್ತರ ಬರುತ್ತದೆ: “ಬರ್ತಾ ಇದೆ, ಬರ್ತಾ ಇದೆ.” ಯುಗಾದಿಗೂ ಬರ್ತಾ ಇತ್ತು. ಈಗ ದಸರಾ.

ಬರಬೇಕಾದದ್ದು ಒಂದು ನಟ್ಟು. ಹಿಂದಿನ ಎಡ ಚಕ್ರದ ಸಿಲಿಂಡರಿಗೆ ಬ್ರೇಕ್ ಪೈಪನ್ನು ಬಿಗಿದಿಟ್ಟಿರುವ, ಕಿರುಬೆರಳ ತುದಿಯಷ್ಟು ದಪ್ಪದ ನಟ್ಟು.

ಗಾಡಿ ಪ್ರೀಮಿಯರ್ ಪದ್ಮಿನಿ. ಅದರ ವಂಶಾವಳಿಯನ್ನು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ಮೂಲ ಇಟಲಿಯ ಫಿಯಟ್ 1100, ಹುಟ್ಟಿದ್ದು ಮುಂಬೈಯ ಕುರ್ಲಾದಲ್ಲಿ, ಎಂಜಿನ್ 1089 ಸಿಸಿ, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಆ ಕಾರಿನ ಕಂಪನಿ ಕಟ್ಟಿದ ವಾಲಚಂದ್ ಹೀರಾಚಂದರೇ 1940ರಲ್ಲಿ ಮೈಸೂರು ಸಂಸ್ಥಾನದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದ್ದು. ಅದೇ ಇವತ್ತಿನ ಎಚ್‌ಎಎಲ್. ಅದಕ್ಕೂ ಮುಂಚೆ, 1930ರ ದಶಕದಲ್ಲಿ, ಕಾರು ನಮ್ಮ ದೇಶದಲ್ಲೇ ತಯಾರಾಗಬೇಕೆಂದು ಯೋಜನೆ ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಇಷ್ಟೂ ನಿಜವೇ. ವಲ್ಲಭರು ತಮ್ಮ ಕಡೆಯಿಂದ ಸೇರಿಸುವುದು ಒಂದೇ ವಾಕ್ಯ: “ಲೆಕ್ಕ ಹಾಕಿದ್ರೆ ಇದು ನಮ್ಮ ಮೈಸೂರಿನ ಗಾಡೀನೇ ಆಯ್ತಲ್ಲ!” ಮಾತು ವಿಶ್ವೇಶ್ವರಯ್ಯನವರ ತನಕ ಹೋದ ಮೇಲೆ ಯಾವ ಕನ್ನಡಿಗ ತಾನೇ ಎದುರಾಡಿಯಾನು? ಎಲ್ಲರೂ ತಲೆದೂಗಿ ಹಾಲಿನ ಪ್ಯಾಕೆಟ್ಟು ಹಿಡಿದು ಮನೆಗೆ ಹೋಗುತ್ತಾರೆ.

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷದ ವಯೋಮಿತಿ ಮುಗಿದು ಅದು ರಸ್ತೆ ಬಿಟ್ಟಿತು. ಆ ಸುದ್ದಿ ಬಂದ ದಿನ ವಲ್ಲಭರು ತಿಂಡಿ ಮುಟ್ಟಲಿಲ್ಲ. ಅಂದು ಏಕಾದಶಿಯೂ ಅಲ್ಲ.

ಈಗ ನಟ್ಟಿನ ವಿಚಾರ. ಬ್ರೇಕ್ ಆಯಿಲ್‌ಗೆ ಗಾಳಿಯ ತೇವ ಹೀರುವ ಚಾಳಿಯಿದೆ. ಹಳೆಯದಾದಷ್ಟೂ ಒಳಗೆ ನೀರಿನಂಶ ಹೆಚ್ಚಿ, ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಮಳೆ, ಕೆಸರು. ನಟ್ಟು ಸಿಲಿಂಡರಿಗೆ ಕಚ್ಚಿಕೊಂಡರೆ ಹೇಗೋ ಬಿಡಿಸಬಹುದು. ಅದು ತನ್ನೊಳಗೆ ಹಾದುಬರುವ ಪೈಪಿಗೂ ಕಚ್ಚಿಕೊಂಡಿರುತ್ತದೆ, ಕಷ್ಟವಿರುವುದು ಅಲ್ಲಿ. ನಟ್ಟು ತಿರುಗಿದರೆ ಜೊತೆಗೆ ಪೈಪೂ ತಿರುಚಿಕೊಂಡು ಮುರಿಯುತ್ತದೆ. ಬಾಯಿ ತೆರೆದ ಮಾಮೂಲಿ ಸ್ಪ್ಯಾನರು ಆರು ಮೂಲೆಗಳಲ್ಲಿ ಎರಡನ್ನು ಮಾತ್ರ ಹಿಡಿದು ಸವೆಸಿ, ನಟ್ಟನ್ನು ಗುಂಡಗೆ ಮಾಡಿಟ್ಟುಬಿಡುತ್ತದೆ. ರಿಂಗ್ ಸ್ಪ್ಯಾನರ್ ಹಾಕೋಣವೆಂದರೆ ಪೈಪು ಅಡ್ಡ. ಇದಕ್ಕೆಂದೇ ರಿಂಗಿನ ಒಂದು ಪಕ್ಕ ಸೀಳಿ ದಾರಿ ಬಿಟ್ಟಿರುವ ಸ್ಪ್ಯಾನರ್ ಸಿಗುತ್ತದೆ. ವಲ್ಲಭರು ಅದನ್ನು ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದು, ಮಗಳ ಮದುವೆ ಸೀರೆಗೂ ಸಿಗದ ಮಲ್ಲು ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ.

ಆಮೇಲೆ ಔಷಧೋಪಚಾರ. ಡಬ್ಲ್ಯೂಡಿ-40 ಎಂಬ ಡಬ್ಬಿಯ ಎಣ್ಣೆ, ನೀರನ್ನು ಓಡಿಸಲೆಂದು 1953ರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ನಲವತ್ತನೆಯ ಪ್ರಯತ್ನಕ್ಕೆ ಹದ ಸಿಕ್ಕಿತೆಂದು ಹೆಸರಿನಲ್ಲೇ ನಲವತ್ತು ಉಳಿಯಿತು. ವಲ್ಲಭರಿಗೆ ಅದರ ಗುಣಕ್ಕಿಂತ ಆ ಸಂಖ್ಯೆಯ ಮೇಲೆ ಹೆಚ್ಚು ಭಕ್ತಿ. ಅದೂ ಸಾಲದಾದಾಗ ಆಟೋಮ್ಯಾಟಿಕ್ ಗೇರಿನ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಕಲಸಿದ ಕಷಾಯ. ಅಸಿಟೋನ್ ಎಲ್ಲಿಂದ ಬಂತೆಂದರೆ, ಸೊಸೆಯ ಉಗುರುಬಣ್ಣ ಅಳಿಸುವ ಸೀಸೆ ಆವತ್ತಿನಿಂದ ಕಾಣೆ. ಕಷಾಯ ಹನಿಸಿ ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಎಂದು ತಟ್ಟುವುದು, ಮರುದಿನ ಮತ್ತೆ ಹನಿಸುವುದು. ತಟ್ಟಿದ ಅದುರಿಗೆ ತುಕ್ಕು ಬಿರುಕುಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ವಿಧಾನ ಸರಿಯಾಗಿಯೇ ಇದೆ. ಮಧ್ಯಾಹ್ನ ಎರಡು ಗಂಟೆಗೆ, ಪಕ್ಕದ ಮನೆಯವರು ಮಲಗಿರುವಾಗ ತಟ್ಟಬೇಕೆಂಬ ನಿಯಮ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಇಷ್ಟರಲ್ಲಿ ಬೀದಿಯ ಪಂಡಿತರು ನೆರೆದಿರುತ್ತಾರೆ. ನಿವೃತ್ತ ಬ್ಯಾಂಕ್ ಮ್ಯಾನೇಜರರು ಸೀಮೆಎಣ್ಣೆ ಪಕ್ಷ. ಎದುರು ಮನೆಯ ಸಾಫ್ಟ್‌ವೇರ್ ಹುಡುಗ ಮೊಬೈಲು ನೋಡಿಕೊಂಡು, “ಅಂಕಲ್, ಫಸ್ಟು ಸ್ವಲ್ಪ ಟೈಟ್ ಮಾಡಿ, ಆಮೇಲೆ ಲೂಸ್ ಮಾಡ್ಬೇಕಂತೆ” ಎನ್ನುತ್ತಾನೆ. ಮಾತು ನಿಜ. ಕೂದಲೆಳೆಯಷ್ಟು ಬಿಗಿ ಮಾಡಿದರೆ ತುಕ್ಕಿನ ಹಿಡಿತ ತಪ್ಪುತ್ತದೆ, ಆಮೇಲೆ ಹಿಂದೆ ಮುಂದೆ ಆಡಿಸುತ್ತ ಬಿಡಿಸಬೇಕು. ಆದರೆ ಮೀಸೆ ಸರಿಯಾಗಿ ಬಾರದವನ ಬಾಯಲ್ಲಿ ಅದನ್ನು ಕೇಳಿ ಒಪ್ಪಿಕೊಳ್ಳುವುದುಂಟೆ? “ನಿಮ್ಮಪ್ಪ ಎಲ್‌ಕೆಜಿ ಓದ್ತಿದ್ದಾಗ್ಲಿಂದ ಮಾಡ್ತಾ ಇದೀನಿ ಕಣಯ್ಯಾ” ಎಂದು ಗದರುತ್ತಾರೆ. ಹುಡುಗ ಅತ್ತ ಹೋದ ಮೇಲೆ ಮೆಲ್ಲಗೆ ಬಿಗಿ ಮಾಡಿ ನೋಡುತ್ತಾರೆ.

ಗ್ಯಾರೇಜಿನ ಮೇಸ್ತ್ರಿಯನ್ನು ಕರೆಸಿದ್ದೂ ಆಯಿತು. ಅವನು ಬಗ್ಗಿ ಒಂದು ನೋಟ ನೋಡಿ, “ಗ್ಯಾಸ್ ಇಟ್ಟು ಕಾಯಿಸಿಬಿಡ್ಲಾ ಸಾರ್? ಎರಡ್ ನಿಮಿಷ” ಎಂದ. ವಲ್ಲಭರು ಕಾರಿಗೂ ಅವನಿಗೂ ನಡುವೆ ಕೈಚಾಚಿ ನಿಂತುಬಿಟ್ಟರು. “ಒಳಗೆ ರಬ್ಬರ್ ಕಪ್ ಇದೆ ಕಣೋ! ಬ್ರೇಕ್ ಆಯಿಲ್ ಇದೆ! ಹೊತ್ತಿಕೊಂಡ್ರೆ?” ಮೇಸ್ತ್ರಿ ಕಾಫಿ ಕುಡಿದು ಹೋದ.

ಇಲ್ಲಿ ವಲ್ಲಭರನ್ನು ನೋಡಿ ನಗುವವರ ಪಕ್ಷ ನಾನು ಸೇರಲಾರೆ. ಇಂಥ ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕು ಚಕ್ರಕ್ಕೂ ಸೇರಿ ಬ್ರೇಕಿಗೆ ಇರುವುದು ಒಂದೇ ಲೈನು. ಎಲ್ಲೋ ಒಂದು ಕಡೆ ಸೋರಿದರೆ ಪೆಡಲು ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ನಿಮಿಷದ ಮೇಸ್ತ್ರಿಗಿಂತ ಯುಗಾದಿಯಿಂದ ದಸರಾವರೆಗಿನ ಈ ಮನುಷ್ಯನೇ ವಾಸಿ. ಅವರ ಗಾಡಿ ಈ ಆರು ತಿಂಗಳಲ್ಲಿ ಯಾರಿಗೂ ಗುದ್ದಿಲ್ಲ, ಅಷ್ಟಂತೂ ಖಚಿತ.

ಮನೆಯವರ ದೂರೇ ಬೇರೆ. “ರೀ, ಗೇಟಿನ ಬಣ್ಣ ಏನಾಯ್ತು?” ಬ್ರೇಕ್ ಆಯಿಲ್ ಚೆಲ್ಲಿದರೆ ಪೇಂಟು ಕಿತ್ತುಬರುತ್ತದೆ, ಗೇಟಿಗೆ ಕೈ ಒರೆಸಿದರೂ ಅಷ್ಟೇ. ಒಗ್ಗರಣೆ ಸೌಟು ಏನಾಯಿತೆಂದು ಆಕೆ ಕೇಳುವುದನ್ನು ಎಂದೋ ಬಿಟ್ಟಿದ್ದಾರೆ. ಹಬ್ಬಕ್ಕೆ ತವರಿಗೆ ಹೊರಟಾಗ ಆಟೋದವನೊಡನೆ ಬಾಡಿಗೆ ಮಾತಾಡುವವರೂ ಆಕೆಯೇ, ಪದ್ಮಿನಿಯ ಬಾನೆಟ್ಟಿಗೆ ಒರಗಿ ನಿಂತುಕೊಂಡು.

ಇನ್ನು ನಿಮಗೊಂದು ಗುಟ್ಟು. ಅಷ್ಟು ತುಕ್ಕು ಹಿಡಿದ ಪೈಪನ್ನು ಬಿಚ್ಚಿದ ಮೇಲೆ ಯಾರೂ ಮತ್ತೆ ಹಾಕುವುದಿಲ್ಲ, ಹಾಕಲೂಬಾರದು. ಎಸೆಯುವ ಪೈಪನ್ನು ನಟ್ಟಿನ ಬುಡಕ್ಕೆ ಕತ್ತರಿಸಿಬಿಟ್ಟರೆ ಆರೂ ಮೂಲೆ ಹಿಡಿಯುವ ಸಾಕೆಟ್ಟು ನೇರವಾಗಿ ಕೂರುತ್ತದೆ, ಬೆಂಕಿಯ ಹಂಗಿಲ್ಲದೆ ನಟ್ಟು ಹೊರಗೆ ಬರುತ್ತದೆ. ಹೊಸ ಪೈಪು, ಹೊಸ ನಟ್ಟು ಎರಡೂ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ವಲ್ಲಭರಿಗೆ ಇದು ಗೊತ್ತಿಲ್ಲವೆಂದುಕೊಳ್ಳಬೇಡಿ. ಯುಗಾದಿಗೆ ಮುಂಚೆಯೇ ಗೊತ್ತು. “ಒರಿಜಿನಲ್ ಪೈಪು ಸ್ವಾಮಿ, ಕುರ್ಲಾದಲ್ಲಿ ಹಾಕಿದ್ದು. ಕತ್ತರಿಸೋದಾ?” ಎನ್ನುತ್ತಾರೆ. ನೀವು ಮತ್ತೆ ಹೇಳಲು ಹೋಗಬೇಡಿ, ವಿಶ್ವೇಶ್ವರಯ್ಯನವರಿಂದ ಶುರು ಮಾಡುತ್ತಾರೆ.