ತೊಗಲಿನ ಪುನರ್ವರ್ಣ ಮೀಮಾಂಸೆ: ಅಮೃತಹಳ್ಳಿ ಕಾಂಡ

ಸವೆದು, ಬಿಳಿಚಿ, ಮಡಿಕೆಗಳಲ್ಲಿ ಬಿರುಕುಬಿಟ್ಟ ತೊಗಲಿನ ಜಾಕೆಟ್, ಬೂಟು, ಬೆಲ್ಟು, ಚೀಲ ಮೊದಲಾದವುಗಳಿಗೆ ಮತ್ತೆ ಬಣ್ಣ ಹಿಡಿಸಿ ಮೆರುಗು ಕೊಡುವ ಕ್ರಿಯೆಯನ್ನು ಇಲ್ಲಿ ‘ಪುನರ್ವರ್ಣಸಂಸ್ಕಾರ’ವೆಂದು ಕರೆಯಲಾಗಿದೆ. ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗಿನ ಷೋಡಶ ಸಂಸ್ಕಾರಗಳಲ್ಲಿ ಇದಕ್ಕೆ ಎಡೆ ಸಿಗದಿರುವುದು ಸಹಜವೇ ಆಗಿದೆ. ಏಕೆಂದರೆ ಇದು ಆರಂಭವಾಗುವ ಹೊತ್ತಿಗೆ ಸಂಸ್ಕಾರಕ್ಕೆ ಒಳಗಾಗಬೇಕಾದ ಜೀವಿ ತೀರಿಕೊಂಡು ಬಹುಕಾಲವಾಗಿರುತ್ತದೆ.

ಈ ಸಂಸ್ಕಾರಕ್ಕೆ ಅಮೃತಹಳ್ಳಿಯೇ ಪ್ರಶಸ್ತ ಕ್ಷೇತ್ರವೆನ್ನಲು ಭೌಗೋಳಿಕ ಆಧಾರವಿದೆ. ಹೆಬ್ಬಾಳ–ಯಲಹಂಕಗಳ ನಡುವೆ ಬಳ್ಳಾರಿ ರಸ್ತೆಯ ಮಗ್ಗುಲಿಗಿರುವ ಈ ಊರನ್ನು ದಾಟಿಕೊಂಡೇ ಭಾನುವಾರದ ನಸುಕಿನಲ್ಲಿ ಬುಲೆಟ್ ಸವಾರರು 1,478 ಮೀಟರ್ ಎತ್ತರದ ನಂದಿಬೆಟ್ಟದ ಸೂರ್ಯೋದಯಕ್ಕೆ ಮುತ್ತಿಗೆ ಹಾಕಲು ಹೊರಡುತ್ತಾರೆ. ಸೋಮವಾರವಾದರೆ ಅವರೇ ಪಾಲಿಶ್ ಹಾಕಿದ ಬೂಟು ತೊಟ್ಟು ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ಕಡೆಗೆ ತಿರುಗುತ್ತಾರೆ. ಇದರಿಂದ ಹುಟ್ಟಿದ ದ್ವೈತವನ್ನು ಯಾವ ಆಚಾರ್ಯರೂ ಊಹಿಸಿರಲಾರರು. ಹಳೆಯ ಬೂಟನ್ನು ಹೊಸದರಂತೆ ಮಾಡಿಕೊಡಬೇಕೆಂದು ಕೇಳುವ ಗಿರಾಕಿಯೇ ಹೊಸ ಜಾಕೆಟನ್ನು ಹಳೆಯದರಂತೆ ಕಾಣಿಸಬೇಕೆಂದೂ ಕೇಳುತ್ತಾನೆ, ಮತ್ತು ಎರಡಕ್ಕೂ ಚೌಕಾಸಿ ಮಾಡುತ್ತಾನೆ.

ವರ್ಣದ ಸ್ವರೂಪದ ಬಗ್ಗೆ ಎರಡು ಮತಗಳಿವೆ. ಸ್ಪಿರಿಟ್‌ನಲ್ಲಿ ಕರಗಿದ ಬಣ್ಣವು ತೊಗಲಿನ ನಾರುಗಳೊಳಗೆ ಇಳಿದು ಅದರಲ್ಲೇ ಒಂದಾಗಬೇಕೆನ್ನುವುದು ಲೀನವಾದ. ಅಂಟಿನೊಡನೆ ಬೆರೆಸಿದ ಬಣ್ಣದ ಪುಡಿ ಮೇಲ್ಮೈಯಲ್ಲಿ ಪೊರೆಯಾಗಿ ನಿಂತು ಕಲೆಗಳನ್ನೆಲ್ಲ ಮುಚ್ಚಬೇಕೆನ್ನುವುದು ಲೇಪವಾದ. ಮೊದಲನೆಯದರಲ್ಲಿ ತೊಗಲಿನ ಸಹಜ ಗೆರೆಗಳು ಉಳಿಯುತ್ತವೆ, ಆದರೆ ಹಳೆಯ ಕಲೆಯೂ ಉಳಿಯುತ್ತದೆ. ಎರಡನೆಯದರಲ್ಲಿ ಕಲೆ ಹೋಗುತ್ತದೆ, ಆದರೆ ಬಳಿದದ್ದು ದಪ್ಪವಾದರೆ ಮೊಣಕೈ ಮಡಿಸಿದಲ್ಲೆಲ್ಲ ಬಿರಿಯುತ್ತದೆ. ರಸ್ತೆಯ ಮೂಲೆಯಲ್ಲಿ ಕೂರುವ ಕಸುಬುದಾರರು ವಾದಕ್ಕಿಳಿಯದೆ ಮೊದಲು ಇಳಿಸಿ ಆಮೇಲೆ ತೆಳ್ಳಗೆ ಬಳಿಯುವುದರಿಂದ, ಅವರದನ್ನು ಸಮನ್ವಯ ಮತವೆನ್ನಬೇಕು.

ಇವೆಲ್ಲವುಗಳ ಆಚೆಗಿನದು ಮಾಯಾವಾದ, ಅರ್ಥಾತ್ ರೆಕ್ಸಿನ್. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಪೊರೆ ಹೊದಿಸಿದ ಈ ವಸ್ತುವನ್ನು ತೊಗಲೆಂದು ಭ್ರಮಿಸುವುದು ವೇದಾಂತಿಗಳ ಹಗ್ಗ–ಹಾವಿನ ದೃಷ್ಟಾಂತದ ಪರಿಷ್ಕೃತ ಆವೃತ್ತಿ. ಒಮ್ಮೆ ಹೊಪ್ಪಳಿಕೆ ಎದ್ದ ಮೇಲೆ ಇದಕ್ಕೆ ಯಾವ ಬಣ್ಣವೂ ಮೋಕ್ಷ ಕೊಡದು. ನಿಜವನ್ನು ತಿಳಿಯಲು ಮೂರು ಪ್ರಮಾಣಗಳಿವೆ. ಅಂಚನ್ನು ಮಗುಚಿ ಒಳಮೈಯಲ್ಲಿ ಕಾಣುವುದು ನೇಯ್ದ ಬಟ್ಟೆಯೋ ತೊಗಲಿನ ನಾರೋ ಎಂದು ನೋಡುವುದು ಪ್ರತ್ಯಕ್ಷ. ಮರೆಯ ಜಾಗದಲ್ಲಿ ಒಂದು ಹನಿ ನೀರು ಬಿಟ್ಟು, ತೊಗಲು ಅದನ್ನು ಹೀರಿಕೊಂಡರೆ ಬಣ್ಣವೂ ಹಿಡಿಯುತ್ತದೆಂದೂ, ಹನಿ ಉರುಳಿ ಹೋದರೆ ಹಳೆಯ ಮೆರುಗನ್ನು ಮೊದಲು ತೆಗೆಯಬೇಕೆಂದೂ ತಿಳಿಯುವುದು ಅನುಮಾನ. “ಪಕ್ಕಾ ಲೆದರ್ ಸಾರ್, ನೂರು ವರ್ಷ ಬಾಳುತ್ತೆ” ಎಂಬ ಅಂಗಡಿಯವನ ಮಾತು ಶಬ್ದಪ್ರಮಾಣವಾಗಿದ್ದು, ಅದನ್ನು ಆಪ್ತವಾಕ್ಯವೆಂದು ಒಪ್ಪಲಾಗದು.

ವಿಧಾನದಲ್ಲಿ ಕ್ರಮವೇ ಪ್ರಧಾನ. ಧೂಳು ಕೊಡವಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ಮೆರುಗನ್ನು ಸ್ಪಿರಿಟ್‌ನಿಂದ ತೆಗೆದು, ನಯವಾದ ಉಪ್ಪುಕಾಗದದಲ್ಲಿ ಉಜ್ಜಿದ ಮೇಲಷ್ಟೇ ಬಣ್ಣ. ತೊಗಲು ಒಣಗಿದೆಯೆಂಬ ಕನಿಕರದಿಂದ ಮೊದಲೇ ಎಣ್ಣೆ ಸವರುವುದು ಕರುಣೆಯಾದೀತೇ ಹೊರತು ವಿವೇಕವಲ್ಲ, ಏಕೆಂದರೆ ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಆರಿಸಬೇಕಾದದ್ದು ನೆರಳಿನಲ್ಲಿ, ಮೇಣ ಹಾಕಿ ಉಜ್ಜುವುದು ಎಲ್ಲಕ್ಕೂ ಕೊನೆಗೆ.

ಕಪ್ಪಿನ ಇತಿಹಾಸಕ್ಕೆ ಸ್ವತಂತ್ರ ಗ್ರಂಥವೇ ಬೇಕಾದೀತು. ತಂಗಡಿ ತೊಗಟೆಯಲ್ಲಿ ಹದಮಾಡಿದ ತೊಗಲಿಗೆ ಕಬ್ಬಿಣ ನೆನೆಸಿದ ವಿನೆಗರ್ ಸವರಿದರೆ ತೊಗಟೆಯ ಒಗರು ಕಬ್ಬಿಣದೊಡನೆ ಕೂಡಿ ತಾನಾಗಿಯೇ ಕಪ್ಪಾಗುತ್ತದೆ. ಕ್ರೋಮಿಯಂ ಲವಣದಲ್ಲಿ ಹದಗೊಂಡ ಇಂದಿನ ಜಾಕೆಟಿನಲ್ಲಿ ಆ ಒಗರಿಲ್ಲವಾದ್ದರಿಂದ ಅದು ಈ ಉಪಚಾರಕ್ಕೆ ಜಗ್ಗುವುದಿಲ್ಲ. ಅದಕ್ಕೆ ಬೇಕಾದ ಕೃತಕ ಬಣ್ಣದ ಕಥೆಯೇ ಬೇರೆ: 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಮಲೇರಿಯಾದ ಮದ್ದಾದ ಕ್ವಿನೈನ್ ತಯಾರಿಸಲು ಹೋಗಿ ಕೃತಕ ನೇರಳೆ ಬಣ್ಣವನ್ನು ಕಂಡುಕೊಂಡನು. ಯಾರ ಜ್ವರವೂ ಇಳಿಯಲಿಲ್ಲ, ಆದರೆ ಬಟ್ಟೆಗೆ ಬಣ್ಣ ಏರಿತು, ಅದರ ಬೆನ್ನಿಗೆ ಬಂದ ಅನಿಲೀನ್ ಬಣ್ಣಗಳು ತೊಗಲಿಗೂ ಹಬ್ಬಿದವು.

ತೊಗಲಿನ ಕೆಲಸದವರನ್ನು ಊರ ಹೊರಗಿಟ್ಟ ಶಾಸ್ತ್ರಗಳ ಪರಿಭಾಷೆಯನ್ನೇ ಈ ಗ್ರಂಥವು ಎರವಲು ಪಡೆದಿದೆ, ಹಿಂತಿರುಗಿಸುವ ಉದ್ದೇಶವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿಕೊಟ್ಟರೆಂಬ ಐತಿಹ್ಯವನ್ನು ಸಭೆಗಳಲ್ಲಿ ಕಣ್ಣೊರೆಸಿಕೊಂಡು ಕೇಳುವ ನಾಡು, ಉಳಿ, ರಂಪಿಗೆ ಹರವಿಕೊಂಡು ಛತ್ರಿಯಡಿ ಕುಳಿತವರೊಡನೆ 10 ರೂಪಾಯಿಗೆ ಜಗ್ಗಾಡುತ್ತದೆ. 1976ರಲ್ಲಿ ಸರ್ಕಾರ ಚರ್ಮೋದ್ಯಮಕ್ಕೆಂದೇ ಸ್ಥಾಪಿಸಿದ ಲಿಡ್ಕರ್ ನಿಗಮದ ಮಳಿಗೆಯಲ್ಲಿ ಅಚ್ಚಾದ ಬೆಲೆಗೆ ಬಾಯಿ ತೆರೆಯದವರೂ ರಸ್ತೆಬದಿಗೆ ಬಂದೊಡನೆ ಅರ್ಥಶಾಸ್ತ್ರಜ್ಞರಾಗುತ್ತಾರೆ.

ಆದ್ದರಿಂದ ಸಿದ್ಧಾಂತವಿಷ್ಟು: ಕೇಳಿದ ಕೂಲಿ ನ್ಯಾಯವಾದದ್ದೇ. ಬಣ್ಣ ಆರುವ ಮೊದಲೇ “ಅಣ್ಣಾ, ಬೇಗ ಕೊಡಿ” ಎಂದು ತಗಾದೆ ಮಾಡಿ ಬೆಲ್ಟನ್ನು ಒಯ್ಯುವ ಓದುಗರು ಒಂದು ವಾರವಾದರೂ ಅದನ್ನು ಬಿಳಿ ಪ್ಯಾಂಟಿನ ಮೇಲೆ ಕಟ್ಟಬಾರದು.