ಹಸಿರು ಚುಕ್ಕಿ ಸಾಹೇಬರು

ಹೈದರಾಬಾದಿನ ಮೆಹದಿಪಟ್ಟಣಂ ಸುತ್ತಮುತ್ತ ವಿಳಾಸ ಹೇಳಲು ಬೀದಿಯ ಹೆಸರು ಬೇಕಿಲ್ಲ, ಕಂಬದ ನಂಬರು ಸಾಕು. ಇಲ್ಲಿಂದ ಆರಾಂಘರ್‌ವರೆಗೆ ತಲೆಯ ಮೇಲೆ ಹಾದುಹೋಗುವ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ 2009ರಲ್ಲಿ ಶುರುವಾದ ಮೇಲೆ ಅದರ ಕಂಬಗಳೇ ಜನರಿಗೆ ಗುರುತು. ಅಂಥದೊಂದು ಕಂಬದ ಎದುರಿಗಿರುವ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಮ್ಮ ಹಸಿರು ಚುಕ್ಕಿ ಸಾಹೇಬರ ವಾಸ.

ಸಾಹೇಬರು ಹುಮನಾಬಾದ್ ಕಡೆಯವರು. ಅವರ ಅಜ್ಜನ ಕಾಲಕ್ಕೆ ಬೀದರ್ ಜಿಲ್ಲೆಗೆ ಹೈದರಾಬಾದೇ ರಾಜಧಾನಿ. 1956ರ ನವೆಂಬರ್ 1ರಂದು ಜಿಲ್ಲೆ ಕರ್ನಾಟಕದ ಕಡೆ ಬಂತು, ಮೊಮ್ಮಗ ಮಾತ್ರ ರಾಜಧಾನಿಯನ್ನು ಬಿಟ್ಟುಕೊಡಲಿಲ್ಲ. ಈಗ ಅವರು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ಟೀಮಿನ ಹುಡುಗ ಹುಡುಗಿಯರು ಮಂಗಳೂರು, ಮೈಸೂರು, ಪುಣೆಗಳಲ್ಲಿ ಹಂಚಿಹೋಗಿದ್ದಾರೆ. ಇಬ್ಬರು ಪೋಲೆಂಡಿನ ಕ್ರಾಕೋವ್‌ನಲ್ಲಿ. ಗಿರಾಕಿ ಇರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ಇವರಲ್ಲಿ ಯಾರು ಎಷ್ಟು ಎತ್ತರ ಎಂಬುದೂ ಸಾಹೇಬರಿಗೆ ಗೊತ್ತಿಲ್ಲ. ಎಲ್ಲರ ಪರಿಚಯವೂ ಎದೆಯಿಂದ ಮೇಲಕ್ಕೆ.

ಚಾಟ್ ಕಿಟಕಿಯಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲೂ ಒಂದು ಚುಕ್ಕಿ ಇರುತ್ತದಲ್ಲ, ಸಾಹೇಬರ ಸಂಸಾರವೆಲ್ಲ ಅದರ ಜೊತೆ. ಮನುಷ್ಯ ಕೆಲಸದಲ್ಲಿದ್ದರೆ ಹಸಿರು; ಐದು ನಿಮಿಷ ಮೌಸ್ ಮುಟ್ಟದಿದ್ದರೆ ಹಳದಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಸಾಹೇಬರದು ಉಲ್ಟಾ, ಹಳದಿ ಕಂಡೊಡನೆ ಕಾಮಾಲೆ.

"ಎಲ್ಲಿದ್ದೀರಿ?" ಎಂದು ತಕ್ಷಣ ಮೆಸೇಜ್ ಹೋಗುತ್ತದೆ.

"ಊಟಕ್ಕೆ ಕೂತಿದ್ದೀನಿ ಸರ್."

"ಮಾಡ್ರಿ ಮಾಡ್ರಿ, ಆರಾಮ್ ಊಟ ಮಾಡ್ರಿ. ಎಷ್ಟೊತ್ತಾಗತದ?"

ಹುಡುಗಿ ತುತ್ತು ನುಂಗುವಷ್ಟರಲ್ಲಿ ಇನ್ನೊಂದು ಮೆಸೇಜ್: "ಸುಮ್ನ ಕೇಳಿದೆ."

ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದೆ. ಇರಾನಿ ಚಹಾದಲ್ಲಿ ಉಸ್ಮಾನಿಯಾ ಬಿಸ್ಕತ್ತು ಅದ್ದುತ್ತಾ ಸಾಹೇಬರು ತಮ್ಮ ಸಿದ್ಧಾಂತ ಹೇಳಿದರು: "ಮಾರಿ ನೋಡ್ಲಾರ್ದೆ ನಂಬಿಕಿ ಹ್ಯಾಂಗ ಬರ್ತದ್ರಿ?" ಇದಕ್ಕಾಗಿಯೇ ಬೆಳಗಿನ ಕಾಲ್‌ನಲ್ಲಿ ಎಲ್ಲರೂ ಕ್ಯಾಮೆರಾ ಆನ್ ಮಾಡಲೇಬೇಕು. ಸಾಹೇಬರದು ಮಾತ್ರ ಆಫ್. "ನಮ್ಮ ಕಡಿ ನೆಟ್ ಸ್ವಲ್ಪ ವೀಕ್ ಅದ" ಎಂಬುದು ಕಾರಣ.

ಅವರನ್ನೊಬ್ಬರನ್ನೇ ದೂರಿ ಫಲವಿಲ್ಲ. ಮೈಕ್ರೋಸಾಫ್ಟ್ ಕಂಪನಿ 2022ರಲ್ಲಿ 11 ದೇಶಗಳ 20,000 ಜನರನ್ನು ಕೇಳಿ ನೋಡಿತು. ನೌಕರರಲ್ಲಿ ನೂರಕ್ಕೆ 87 ಜನ "ನಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ" ಎಂದರು. ಮೇಲಿನವರಲ್ಲಿ ನೂರಕ್ಕೆ 85 ಜನ, ಕೆಲಸ ಅರ್ಧ ಮನೆಗೆ, ಅರ್ಧ ಆಫೀಸಿಗೆ ಹಂಚಿಹೋದ ಮೇಲೆ ಆ ಮಾತು ನಂಬುವುದೇ ಕಷ್ಟವಾಗಿದೆ ಎಂದರು. ಅಂದರೆ ಭೂಮಂಡಲದ ತುಂಬ ಹಸಿರು ಚುಕ್ಕಿ ಸಾಹೇಬರಿದ್ದಾರೆ. ನಮ್ಮ ಪಾಲಿಗೆ ಬಂದವರು ಮೆಹದಿಪಟ್ಟಣಂನವರು, ಅಷ್ಟೆ.

ಚುಕ್ಕಿ ಕಾಯುವ ಕಡೆ ಚುಕ್ಕಿ ಸಾಕುವವರೂ ಹುಟ್ಟಿಕೊಳ್ಳುತ್ತಾರೆ. ಮೈಸೂರಿನ ಹುಡುಗನ ತಂದೆಯದೊಂದು ಹಳೇ ಎಚ್‌ಎಂಟಿ ವಾಚ್ ಇದೆ, ಕೀ ಕೊಡುವಂಥದ್ದು. ಅದನ್ನು ಮೇಜಿನ ಮೇಲೆ ಅಂಗಾತ ಇಟ್ಟು ಗಾಜಿನ ಮೇಲೆ ಮೌಸ್ ಕೂರಿಸಿದರೆ, ಕೆಳಗೆ ಸೆಕೆಂಡಿನ ಮುಳ್ಳು ಓಡಾಡುವುದನ್ನು ಮೌಸು ತನ್ನದೇ ಓಡಾಟ ಎಂದುಕೊಳ್ಳುತ್ತದೆ. ಚುಕ್ಕಿ ಆರುವುದೇ ಇಲ್ಲ. ಹುಡುಗ ರಾತ್ರಿ ಮರೆಯದೆ ಕೀ ಕೊಟ್ಟು ಮಲಗುತ್ತಾನೆ. ಶುಕ್ರವಾರದ ಮೀಟಿಂಗಿನಲ್ಲಿ ಸಾಹೇಬರು ಗದ್ಗದಿತರಾಗಿ ಹೇಳಿದರು: "ಈ ಹುಡುಗನ ನೋಡಿ ಕಲೀರಿ. ರಾತ್ರಿ ಎರಡು ಗಂಟೆಗೂ ಹಸಿರು!" ಆ ತಿಂಗಳ ಪ್ರಶಸ್ತಿಪತ್ರ ಅವನಿಗೇ ಹೋಯಿತು. ನ್ಯಾಯವಾಗಿ ವಾಚಿಗೆ ಹೋಗಬೇಕಿತ್ತು. ಗುಟ್ಟು ಟೀಮಿಗೆಲ್ಲ ಗೊತ್ತು. ಅವರದೇ ಇನ್ನೊಂದು ವಾಟ್ಸಾಪ್ ಗ್ರೂಪಿದೆ, ಸಾಹೇಬರಿಲ್ಲದ್ದು. ಅಲ್ಲಿ ಯಾರೂ ಯಾರ ಚುಕ್ಕಿಯನ್ನೂ ನೋಡುವುದಿಲ್ಲ. ಮಂಗಳೂರಿನವಳ ಮಗುವಿಗೆ ಜ್ವರ ಬಂದರೆ ಪುಣೆಯವನು ಅವಳ ಕೆಲಸ ಮುಗಿಸಿಡುತ್ತಾನೆ.

2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು, ಕೀಬೋರ್ಡ್ ಒತ್ತುವ ಸೋಗು ಹಾಕಿದರೆಂದು ಹನ್ನೆರಡಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಆ ಸುದ್ದಿಯನ್ನು ಸಾಹೇಬರು ಟೀಮಿಗೆಲ್ಲ ಫಾರ್ವರ್ಡ್ ಮಾಡಿದರು. ಮೊದಲ ಹೆಬ್ಬೆಟ್ಟು ಬಂದದ್ದು ಮೈಸೂರಿನಿಂದ.

ಇನ್ನು ಕಾಲ್‌ಗಳ ಕತೆ. ಬೇಸಿಗೆಯಲ್ಲಿ ನಮ್ಮ ರಾತ್ರಿ ಎಂಟೂವರೆ ಡಲ್ಲಾಸ್‌ನ ಬೆಳಗಿನ ಹತ್ತು. ಯುರೋಪಿನವರು ಅಕ್ಟೋಬರದ ಕೊನೆಯ ಭಾನುವಾರ ಗಡಿಯಾರ ಹಿಂದೆ ತಿರುಗಿಸುತ್ತಾರೆ, ಅಮೆರಿಕದವರು ನವೆಂಬರದ ಮೊದಲ ಭಾನುವಾರ. ಆ ನಡುವಿನ ವಾರ ಕ್ರಾಕೋವ್ ಒಂದು ಹೊತ್ತಿಗೆ, ಡಲ್ಲಾಸ್ ಇನ್ನೊಂದು ಹೊತ್ತಿಗೆ. ಸಾಹೇಬರು ಎರಡೂ ಹೊತ್ತಿಗೆ ಹಾಜರಿದ್ದು, ಮೂರನೆಯ ಹೊತ್ತಿಗೆ "ಯಾರೂ ಯಾಕ ಬಂದಿಲ್ಲ?" ಎಂದು ಮೇಲ್ ಹಾಕುತ್ತಾರೆ. ಅವರ ಬಾಲ್ಕನಿ ಕೆಳಗೇ ಬಸ್ಸು, ಆಟೋಗಳ ಸಂತೆ. "ಟೋಲಿಚೌಕಿ, ಗಚ್ಚಿಬೌಲಿ, ಕೊಂಡಾಪುರ್! ಗಚ್ಚಿಬೌಲಿ ಗಚ್ಚಿಬೌಲಿ!" ಎಂಬ ಕೂಗು ರಾತ್ರಿಯವರೆಗೂ ನಿಲ್ಲುವುದಿಲ್ಲ. ಒಂದು ಸಲ ಡಲ್ಲಾಸ್‌ನ ಗಿರಾಕಿ ಬಹಳ ವಿನಯದಿಂದ ವಿಚಾರಿಸಿದ: "ಆಗಿನಿಂದ ಗಚ್ಚಿಬೌಲಿ ಎಂಬವರನ್ನು ಕರೆಯುತ್ತಿದ್ದೀರಿ, ಅವರು ಟೀಮಿನಲ್ಲಿ ಹೊಸಬರೇ?" ರಸ್ತೆಯ ಗದ್ದಲವೆಂದು ಒಪ್ಪಿಕೊಳ್ಳಲು ಸಾಹೇಬರಿಗೆ ಮರ್ಯಾದೆ ಅಡ್ಡ ಬಂತು. "ಹೌದು, ಸಪೋರ್ಟ್ ಕಡೆಯವರು" ಎಂದುಬಿಟ್ಟರು. ಅಂದಿನಿಂದ ಮೀಟಿಂಗಿನ ಟಿಪ್ಪಣಿಯಲ್ಲಿ ಗಚ್ಚಿಬೌಲಿಯ ಹಾಜರಿಯೂ ಬೀಳುತ್ತಿದೆ.

ನಂಬಿಕೆ ಬೆಳೆಸಲು ಸಾಹೇಬರು ಪಡುವ ಪಾಡೇನು ಕಡಿಮೆಯಲ್ಲ. ತಿಂಗಳಿಗೊಮ್ಮೆ ಆನ್‌ಲೈನ್ ಬಿರಿಯಾನಿ ಪಾರ್ಟಿ ಇರುತ್ತದೆ. ಅವರವರ ಊರಲ್ಲಿ ಅವರವರೇ ತರಿಸಿಕೊಂಡು, ಕ್ಯಾಮೆರಾ ಎದುರು ಕೂತು ಒಟ್ಟಿಗೆ ತಿನ್ನಬೇಕು. ಖುಷಿಪಡುವುದು ಕಡ್ಡಾಯ, ರಜೆ ಬೇಕಾದರೆ ಎರಡು ದಿನ ಮುಂಚೆ ಹೇಳಬೇಕು.

ಅವರ ಬಳಿ ಒಂದು ಪ್ರಬಂಧದ ಪ್ರಿಂಟೂ ಇದೆ. ಸಿರ್ಕಾ ಯಾರ್ವೆನ್ಪಾ ಮತ್ತು ಡೊರೊತಿ ಲೈಡ್ನರ್ ಎಂಬ ಇಬ್ಬರು ವಿದ್ವಾಂಸರು 1999ರಲ್ಲಿ ಪ್ರಕಟಿಸಿದ್ದು. ಬೇರೆ ಬೇರೆ ದೇಶಗಳಲ್ಲಿದ್ದು ಮುಖವನ್ನೇ ನೋಡದೆ ಕೆಲಸ ಮಾಡಿದ ವಿದ್ಯಾರ್ಥಿ ತಂಡಗಳನ್ನು ಅವರು ಗಮನಿಸಿದ್ದರು. ಇಂಥ ಕಡೆ ನಂಬಿಕೆ ಬೇಗ ಹುಟ್ಟಿ ಬೇಗ ಮುರಿಯುತ್ತದೆ. ಹೊತ್ತಿಗೆ ಸರಿಯಾಗಿ, ತಪ್ಪದೆ ಉತ್ತರ ಕೊಡುವವರ ನಡುವೆ ಅದು ಉಳಿಯುತ್ತದೆ ಎಂಬುದು ಅದರ ಸಾರ. ಸಾಹೇಬರು "ಹೊತ್ತಿಗೆ ಸರಿಯಾಗಿ" ಎಂಬಲ್ಲಿ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "3 ನಿಮಿಷ" ಎಂದು ಬರೆದುಕೊಂಡಿದ್ದಾರೆ.

ಇದೇ ಮನುಷ್ಯ ವಾರಕ್ಕೊಮ್ಮೆ ಲಕಡೀಕಾಪೂಲ್‌ಗೆ ಹೋಗಿ ಬಸ್ಸು ಕಾಯುತ್ತಾರೆ. ಊರಲ್ಲಿರುವ ತಾಯಿ ಹೈದರಾಬಾದಿನ ಬಸ್ಸಿನ ಕಂಡಕ್ಟರನ ಕೈಗೆ ಡಬ್ಬಿ ಕೊಟ್ಟು ಫೋನ್ ಮಾಡುತ್ತಾರೆ: "ಬಸ್ ನಂಬರ್ ಬರಕೋ. ಹೊತ್ತಿಗಿ ಸರಿ ಹೋಗಿ ನಿಂದ್ರು." ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಸುಮಾರು 150 ಕಿಲೋಮೀಟರ್ ಬಂದು ಇವರ ಕೈ ಸೇರುತ್ತವೆ.

"ಆ ಕಂಡಕ್ಟರ್ ನಿಮಗೆ ಪರಿಚಯವೇನು?" ಎಂದೆ.

"ಇಲ್ರಿ."

"ದಾರಿಯಲ್ಲಿ ಡಬ್ಬಿ ಎಲ್ಲಿದೆ ಅಂತ ಫೋನ್ ಮಾಡಿ ಕೇಳ್ತೀರಾ?"

"ಛೇ, ಹಂಗ ಕೇಳಿದ್ರ ನಾಳಿಂದ ಒಯ್ತಾನೇನ್ರಿ? ಅಂವ ದಿನಾ ಬರ್ತಾನ, ಕೊಟ್ಟಿದ್ದು ತರ್ತಾನ. ಮತ್ತೇನ್ ಬೇಕು?"

ಇಬ್ಬರು ಸಂಶೋಧಕರು ಸೇರಿ ಬರೆದದ್ದನ್ನು ಸಾಹೇಬರು ರೊಟ್ಟಿ ಮುರಿಯುತ್ತಾ ಒಂದೇ ಉಸಿರಿಗೆ ಹೇಳಿದ್ದರು. ಅದನ್ನು ಅವರ ಗಮನಕ್ಕೆ ತರೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪುಣೆ ಹಳದಿಯಾಯಿತು.

2025ರ ಆಗಸ್ಟಿನಲ್ಲಿ ಹೈದರಾಬಾದಿನ ವಿದ್ಯುತ್ ಕಂಬಗಳಿಗೆ ಜೋತುಬಿದ್ದಿದ್ದ ಕೇಬಲ್‌ಗಳನ್ನು ಕತ್ತರಿಸಲು ಶುರುಮಾಡಿದರು. ಎಷ್ಟೋ ಬಡಾವಣೆಗಳಲ್ಲಿ ಇಂಟರ್ನೆಟ್ ಹೋಯಿತು, ನಮ್ಮಲ್ಲೂ ಹೋಯಿತು. ಸಾಹೇಬರ ಫೋನಿಗೆ ಸಿಗ್ನಲ್ಲೂ ಸರಿಯಾಗಿ ಸಿಗಲಿಲ್ಲ. ಸ್ವತಃ ಅವರ ಚುಕ್ಕಿಯೇ ಬೆಳ್ಳಗಾಯಿತು. ತಾರಸಿಗೆ ಹತ್ತಿ ಫೋನ್ ಎತ್ತಿ ಹಿಡಿದರು. ನೀರಿನ ಟ್ಯಾಂಕಿನ ಏಣಿಯನ್ನೂ ಹತ್ತಿದರು. "ನಾ ಇಲ್ಲಂದ್ರ ಎಲ್ಲಾ ನಿಂತು ಹೋಗ್ತದ್ರಿ" ಎಂದು ಅಲ್ಲಿಂದಲೇ ಕೂಗಿದರು.

ನೆಟ್ ಬಂದಾಗ ಗಿರಾಕಿಯ ಮೇಲ್ ಕಾದಿತ್ತು. ಕೆಲಸ ಹೇಳಿದ ವೇಳೆಗಿಂತ ಮೊದಲೇ ಮುಗಿದಿದೆ, ಒಂದೂ ತಪ್ಪಿಲ್ಲ, ಎಲ್ಲರಿಗೂ ಧನ್ಯವಾದ ಎಂದು ಒಬ್ಬೊಬ್ಬರ ಹೆಸರೂ ಬರೆದಿದ್ದ. ಸಾಹೇಬರು ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದರು. ಗಚ್ಚಿಬೌಲಿಯ ಹೆಸರಿತ್ತು, ಅವರದಿರಲಿಲ್ಲ.

ಆ ರಾತ್ರಿ ಅವರು ಊಟ ಸರಿಯಾಗಿ ಮಾಡಲಿಲ್ಲವೆಂದು ಮನೆಯವರು ಹೇಳಿದರು. ಬೆಳಿಗ್ಗೆ ಮಾತ್ರ ಲಿಫ್ಟಿನ ಬಳಿ ಗೆಲುವಾಗಿಯೇ ಸಿಕ್ಕರು. "ಜನರ ಮ್ಯಾಲ ಭರವಸಾ ಇಡಬೇಕ್ರಿ. ಇನ್ನು ಮುಂದ ಬುಧವಾರ ನಾ ಟೀಮಿನ ಕಡಿ ತಲೀನೇ ಹಾಕಂಗಿಲ್ಲ. ಪೂರಾ ಅವರದೇ ಜವಾಬ್ದಾರಿ" ಎಂದರು. ನನಗೆ ನಿಜಕ್ಕೂ ಸಂತೋಷವಾಯಿತು. ಕೈ ಕುಲುಕಿದೆ.

"ಹ್ಯಾಂಗ ನಡಸ್ತಾರ ನೋಡ್ಬೇಕಲ್ರಿ" ಎಂದು ಅವರು ಫೋನ್ ತೆರೆದು ತೋರಿಸಿದರು. ಬುಧವಾರದ ಕ್ಯಾಲೆಂಡರಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಗಂಟೆಗೊಂದು ಕಾಲ್ ಇಟ್ಟಿದ್ದರು.