ವೃತ್ತಿಪಟ್ಟಿಯವರ ಸನ್ನಿಧಿಗೆ ಒಂದು ಬಹಿರಂಗ ಪತ್ರ

ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದದ 16ನೇ ಅಧ್ಯಾಯದಲ್ಲಿ ವಿರಾಜಮಾನರಾಗಿರುವ ವೃತ್ತಿಪಟ್ಟಿಯವರಿಗೆ ಸವಿನಯ ವಂದನೆಗಳು.

1994ರಲ್ಲಿ ಜಾರಿಗೆ ಬಂದ ನಾಫ್ಟಾ, ಅಂದರೆ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ, 2020ರ ಜುಲೈ 1ರಂದು ಹೊಸ ಹೆಸರು ತಳೆದಾಗ ಕಾರು, ಹಾಲುಗಳ ನಿಯಮಗಳೇ ಬದಲಾದರೂ ಪಟ್ಟಿಯವರ ಕೂದಲು ಕೊಂಕಲಿಲ್ಲವೆಂಬುದು ಅಭಿನಂದನೀಯ. ಕೆನಡಾ ಮತ್ತು ಮೆಕ್ಸಿಕೊ ಪ್ರಜೆಗಳು ಒಮ್ಮೆಗೆ ಗರಿಷ್ಠ 3 ವರ್ಷ ಅಮೆರಿಕದಲ್ಲಿ ದುಡಿಯಲು ದೊರೆಯುವ 'ಟಿಎನ್' ಅನುಮತಿ, ಪಟ್ಟಿಯವರು ಗುರುತಿಸುವ ಅರವತ್ತಕ್ಕೂ ಹೆಚ್ಚು ವೃತ್ತಿಗಳಿಗೆ ಮಾತ್ರ ಮೀಸಲು. ಅಲ್ಲಿ ಜೇನುಸಾಕಣೆ ತಜ್ಞನಿಗೆ, ಕೋಳಿ ವಿಜ್ಞಾನಿಗೆ, ಪ್ರಕೃತಿ ವಿಕೋಪದ ನಂತರ ವಿಮಾ ಕ್ಲೇಮು ಅಳೆಯುವವನಿಗೆ ಆಸನವುಂಟು. ಪ್ರೋಗ್ರಾಮರನಿಗೆ ಆ ಹೆಸರಿನಲ್ಲಿ ಇಲ್ಲ. ಆದ್ದರಿಂದ ಆತ ಗಡಿಯ ಕೌಂಟರಿನ ಮುಂದೆ 'ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್' ಆಗಿಯೋ ಎಂಜಿನಿಯರನಾಗಿಯೋ ಅವತಾರವೆತ್ತಬೇಕು. ಅರ್ಥಶಾಸ್ತ್ರಜ್ಞರೆಂದು ಬರುತ್ತಿದ್ದ ಹಣಕಾಸು ವಿಶ್ಲೇಷಕರಿಗಂತೂ ಆ ವೇಷ ಸಲ್ಲದೆಂದು ಅಮೆರಿಕದ ವಲಸೆ ಇಲಾಖೆ 2017ರಲ್ಲಿ ಸುತ್ತೋಲೆ ಹೊರಡಿಸಿತು.

ಪಟ್ಟಿಯವರ ಸಮದೃಷ್ಟಿಯೂ ಶ್ಲಾಘನೀಯ. ಕೆನಡಾದವರು ಉದ್ಯೋಗದಾತರ ಪತ್ರ, ಪದವಿಪತ್ರಗಳನ್ನು ಹಿಡಿದು ಗಡಿಯಲ್ಲೇ ಅನುಮತಿ ಪಡೆಯಬಹುದಾದರೆ, ಅದೇ ಒಪ್ಪಂದದ ಮೆಕ್ಸಿಕೊದವರು ಮೊದಲು ದೂತಾವಾಸದಲ್ಲಿ ವೀಸಾ ಪಡೆಯಬೇಕು. ನಾಫ್ಟಾದ ಮೊದಲ ಹತ್ತು ವರ್ಷ ಅವರಿಗೆ ವಾರ್ಷಿಕ 5,500ರ ಮಿತಿಯೂ ಇತ್ತು.

ಬೆಂಗಳೂರಿನಿಂದ ಟೊರಾಂಟೊಗೆ ಹೋಗಿ ನೆಲೆಸಿದ ಕನ್ನಡಿಗರೂ ಈ ಸನ್ನಿಧಿಯ ಭಕ್ತರೇ. ವರ್ಷಕ್ಕೆ 85,000ದ ಮಿತಿಯುಳ್ಳ ಅಮೆರಿಕದ ಎಚ್–1ಬಿ ಉದ್ಯೋಗ ವೀಸಾ ಲಾಟರಿಯಲ್ಲಿ ಹೆಸರು ಬಾರದವರು ಇತ್ತ ನೋಡುವುದು ಸಹಜ; ಆದರೆ ಕೆನಡಾದ ಕಾಯಂ ವಾಸದ ಪರವಾನಗಿ ಇಲ್ಲಿ ಸಾಲದು, ಪೌರತ್ವವೇ ಬೇಕು, ಅದನ್ನು ಪಡೆದ ಕ್ಷಣಕ್ಕೆ ಭಾರತದ ಪೌರತ್ವ ಹೋಗುತ್ತದೆ. ಇಷ್ಟೆಲ್ಲ ತ್ಯಾಗ ಮಾಡಿ ಒಳಹೊಕ್ಕವರು ಪ್ರತಿ ನವೀಕರಣದಲ್ಲೂ, ತಮಗೆ ಅಮೆರಿಕದಲ್ಲಿ ಕಾಯಂ ಆಗಿ ಉಳಿಯುವ ಉದ್ದೇಶವಿಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡಬೇಕು. ನವೀಕರಣಗಳ ಸಂಖ್ಯೆಗೆ ಮಾತ್ರ ನಿಯಮದಲ್ಲಿ ಮಿತಿಯಿಲ್ಲ. ಹೀಗೆ ಹೊರಟುಹೋಗುವ ಸಂಕಲ್ಪವನ್ನು ಮೂರು ವರ್ಷಕ್ಕೊಮ್ಮೆ ಪುನರುಚ್ಚರಿಸುತ್ತಲೇ ಮನೆ ಕೊಂಡು, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಅಡ್ಡಿಯಿಲ್ಲ.

ಒಪ್ಪಂದ ಜಾರಿಯಾದ ಆರನೇ ವರ್ಷಕ್ಕೆ, ಅಂದರೆ 2026ಕ್ಕೆ, ಮೂರೂ ದೇಶಗಳ ಜಂಟಿ ಪರಾಮರ್ಶೆಯನ್ನು ಒಪ್ಪಂದವೇ ವಿಧಿಸಿದೆ. ಆ ಸಂದರ್ಭದಲ್ಲಿ ಹೊಸ ವೃತ್ತಿಗಳನ್ನು ಸೇರಿಸಿ ಪಟ್ಟಿಯವರ ಧ್ಯಾನಕ್ಕೆ ಭಂಗ ತರಬಾರದೆಂದೇ ಇಲ್ಲಿನ ಪ್ರಾರ್ಥನೆ. ಇಂದಿನ ಹುದ್ದೆಗಳನ್ನು ಅಂದಿನ ಹೆಸರುಗಳೊಳಗೆ ತುರುಕಿಕೊಡಲು ವಕೀಲರು ಸಾಕು, ವಕೀಲ ವೃತ್ತಿಯಂತೂ ಪಟ್ಟಿಯಲ್ಲಿ ಈಗಾಗಲೇ ಇದೆ.